ಬಿಡಿಸಿಕೊಂಡವರ ದಾರಿಯಲ್ಲಿ ಐದು ದಿನ: ಡೊಂಬಿವಲಿಯಿಂದ ಕೇಡಗಾಂವ್‌ಗೆ

ಮೊದಲ ದಿನ, ಶುಕ್ರವಾರ

ಲೋಣಾವಳಾದಲ್ಲಿ ಗಾಡಿ ನಿಂತಾಗ ಇನ್ನೂ ನಸುಕು. ಕಿಟಕಿ ಗಾಜಿನ ಮೇಲೆ ಮಳೆ ಧಾರೆಯಾಗಿ ಇಳಿಯುತ್ತಿತ್ತು. ಹಿಂದಿನ ರಾತ್ರಿ ಕಲಬುರಗಿಯಲ್ಲಿ ಹತ್ತುವಾಗ ಒಂದು ಹನಿ ಇರಲಿಲ್ಲ. ತೊಗರಿ ಬಿತ್ತಿದವರು ಮುಗಿಲು ನೋಡುತ್ತ ಕೂತ ಹೊತ್ತು ಅದು. ಇಲ್ಲಿ ನೋಡಿದರೆ ಗುಡ್ಡಕ್ಕೆ ಗುಡ್ಡವೇ ನೀರು ಸುರಿಸುತ್ತಿದೆ. ಭೋರ್ ಘಾಟ್ ಇಳಿಯುವಾಗ ಒಂದು ಸುರಂಗ ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಬೆಳ್ಳಗಿನ ಝರಿಗಳು ಕಣ್ಣಿಗೆ ಬಿದ್ದು ಮಾಯವಾಗುತ್ತವೆ. ಮಳೆಗಾಲದಲ್ಲಿ ಈ ಕಡೆ ಬರುವವರು ಇಲ್ಲಿ ಮಲಗಿರಬೇಡಿ, ಎದ್ದು ಕೂರಿ.

ಕರ್ಜತ್‌ನಲ್ಲಿ ಬಿಸಿ ವಡಾಪಾವ್ ತಿಂದೆ. ಜೊತೆಗಿದ್ದ ಒಣ ಬೆಳ್ಳುಳ್ಳಿ ಚಟ್ನಿ ನಮ್ಮ ಶೇಂಗಾ ಹಿಂಡಿಯ ತಂಗಿಯ ಹಾಗಿತ್ತು. ಕಲ್ಯಾಣ್‌ನಲ್ಲಿ ತಮ್ಮ ಬಂದು ನಿಂತಿದ್ದ. ಬ್ಯಾಗು ಕಸಿದುಕೊಂಡು, "ಸಣ್ಣಾಗೀದಿ ಅಕ್ಕಾ" ಅಂದ.

ಡೊಂಬಿವಲಿ ಲೋಕಲ್ ಹಿಡಿಯುವ ಮೊದಲು ಪ್ಲಾಟ್‌ಫಾರ್ಮಿನಲ್ಲೇ ಚಹಾ ಕುಡಿದೆವು. ನಾನು ಅವನ ಮುಖ ನೋಡಲಿಲ್ಲ, ಕೈ ನೋಡಿದೆ. ಮೂರು ವರ್ಷದ ಹಿಂದೆ ಈ ಕೈಗೆ ಚಹಾದ ಕಪ್ಪು ಹಿಡಿಯಲು ಆಗುತ್ತಿರಲಿಲ್ಲ. ಬಸಿಯಲ್ಲಿ ಹಾಕಿ ನಾನೇ ಕುಡಿಸಿದ್ದೆ. ಈಗ ಸಣ್ಣ ಗಾಜಿನ ಗ್ಲಾಸು, ಅಂಚಿನವರೆಗೂ ತುಂಬಿತ್ತು. ಎರಡು ಬೆರಳಲ್ಲಿ ಹಿಡಿದು ಜನರ ನಡುವೆ ನುಸುಳಿ ನನ್ನ ತನಕ ತಂದ. ಒಂದು ಹನಿ ತುಳುಕಲಿಲ್ಲ.

ಈ ಪ್ರವಾಸ ಯಾಕೆ ಅಂತ ಹೇಳಿಬಿಡುತ್ತೇನೆ. ತಮ್ಮ ಹದಿನೆಂಟು ವರ್ಷದಿಂದ ಡೊಂಬಿವಲಿಯಲ್ಲಿದ್ದಾನೆ. ನಡುವೆ ಆರು ವರ್ಷ ಕುಡಿತ ಅವನನ್ನು ತಿಂದು ಹಾಕಿತು. ಕೆಲಸ ಹೋಯಿತು, ಸಾಲ ಬಂತು. ಮೂರು ವರ್ಷದ ಹಿಂದೆ, ಈಸ್ಟರ್ ಮುಗಿದ ವಾರ, ರಸ್ತೆಯಲ್ಲಿ ಬಿದ್ದವನನ್ನು ಯಾರೋ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಫೋನ್ ಬಂತು. ಬಿಲ್ಲು ಕಟ್ಟಬೇಕು, ಕೈಗಡ ತೀರಿಸಬೇಕು. ಅವ್ವ ಏನೂ ಕೇಳಲಿಲ್ಲ. ಕೊರಳಿನ ಬೋರಮಾಳ ತೆಗೆದು ನನ್ನ ಸೆರಗಿನಲ್ಲಿ ಹಾಕಿದಳು. ಮೂರೂವರೆ ತೊಲಿ. ಅಪ್ಪ ಮಾಡಿಸಿದ್ದು. "ಇದನ್ನ ಇಟ್ಟು ಅವನ್ನ ಬಿಡಿಸ್ಕೊಂಡು ಬಾ" ಅಂದಳು.

ಇಟ್ಟೆ. ಬಿಡಿಸಿಕೊಂಡು ಬಂದೆ. ಎರಡು ತಿಂಗಳಿಗೆ ಮತ್ತೆ ಕುಡಿದ. ಅವ್ವ ಮುಂದಿನ ವರ್ಷ ಬರಿಗೊರಳಲ್ಲೇ ತೀರಿಹೋದಳು. ಕೊನೆಯ ವಾರದವರೆಗೂ ನಸುಕಿನಲ್ಲಿ ಎದ್ದು, ಗೋಡೆಗೆ ಬೆನ್ನು ಕೊಟ್ಟು ಕೂತು, ಅವನ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದಳು. ನಾನು ಬಿಟ್ಟುಬಿಟ್ಟಿದ್ದೆ. ದೇವರಿಗೆ ಇದು ಆಗುವ ಕೆಲಸ ಅಲ್ಲ ಅಂತ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಈಗ ಅವನು ಕುಡಿಯದೆ ಹದಿನಾಲ್ಕು ತಿಂಗಳಾಯಿತು. ಭಾನುವಾರ ಇಲ್ಲಿನ ಕನ್ನಡ ಕ್ರೈಸ್ತ ಸಭೆಯಲ್ಲಿ ಸಾಕ್ಷಿ ಹೇಳುವವನಿದ್ದ, ಅಂದರೆ ದೇವರು ತನ್ನ ಬಾಳಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ನಿಂತು ಹೇಳುವುದು. "ನೀ ಬರ್ಲೇಬೇಕು" ಅಂದಿದ್ದ. ಹೇಗೂ ಬರುತ್ತೇನಲ್ಲ, ಬಹಳ ದಿನದಿಂದ ನೋಡಬೇಕು ಅಂದುಕೊಂಡಿದ್ದ ಎರಡು ಜಾಗಗಳನ್ನೂ ಸೇರಿಸಿಕೊಂಡೆ: ಮುಂಬೈಯ ಹಳೆಯ ಯಹೂದಿ ಪ್ರಾರ್ಥನಾ ಮಂದಿರ, ಕೇಡಗಾಂವ್‌ನ ಮುಕ್ತಿ ಮಿಷನ್.

ಅವನದು ಒಂದೇ ಕೋಣೆ. ಕಟ್ಟಿಕೊಂಡು ಹೋಗಿದ್ದ ಕಡಕ್ ರೊಟ್ಟಿ, ಪುಂಡಿಪಲ್ಯ ಬಿಚ್ಚಿದೆವು. ತವರಿನ ಡಬ್ಬಿಯಲ್ಲಿ ಮಾಲ್ದಿಯೂ ಇತ್ತು. ರಾತ್ರಿಯೆಲ್ಲ ತಗಡಿನ ಮೇಲೆ ಮಳೆ. ನಿದ್ದೆ ಬರದೆ ಅವ್ವನ ಮಾತನ್ನೇ ತಿರುವಿ ಹಾಕುತ್ತಿದ್ದೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ವಿಮೋಚನೆ ಅಂತ ದೊಡ್ಡ ಶಬ್ದವಿದೆ. ಅವ್ವ ಅದನ್ನು ಬಳಸಿದ್ದು ನಾನು ಕೇಳಿಲ್ಲ. ಅವಳ ದೇವರು "ಬಿಡಿಸ್ಕೊಂಡು ಬರಾವ". ಯೋಚಿಸಿದರೆ ಅವಳ ಮಾತೇ ಮೂಲಕ್ಕೆ ಹತ್ತಿರ. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಕಟ್ಟಳೆ ಇದೆ: ಬಡತನದಿಂದ ಒಬ್ಬ ಹೊಲ ಮಾರಿಕೊಂಡರೆ, ತನ್ನನ್ನೇ ಮಾರಿಕೊಂಡರೆ, ಹತ್ತಿರದ ಸಂಬಂಧಿ ಬಂದು ಬೆಲೆ ಕೊಟ್ಟು ಬಿಡಿಸಬೇಕು. ಬಡ ವಿಧವೆ ರೂತಳ ಕಥೆಯಲ್ಲಿ ಅವಳ ಗಂಡನ ಮನೆಯ ಸಂಬಂಧಿ ಬೋವಜ ಮಾಡಿದ್ದೂ ಅದನ್ನೇ. ಇಸ್ರಾಯೇಲರು ದೇವರನ್ನು ಅದೇ ಮಾತಿನಿಂದ ಕರೆದರು. ದೂರದಲ್ಲಿ ಕೂತು ಕರುಣೆ ತೋರಿಸುವವನು ಅಂತ ಅಲ್ಲ, ಗಿರವಿ ಅಂಗಡಿಗೆ ತಾನೇ ನಡೆದು ಬರುವ ಮನೆಯವನು ಅಂತ.

ಹತ್ತಿರದ ಸಂಬಂಧಿ ಅಂದರೆ ನಾನೂ ಹೌದಲ್ವಾ. ನನ್ನ ಕೈಯಲ್ಲಿ ಆಗಲಿಲ್ಲ.

ಎರಡನೆಯ ದಿನ, ಶನಿವಾರ

ಮಸ್ಜಿದ್ ಬಂದರ್‌ನಲ್ಲಿ ಸ್ಲೋ ಲೋಕಲ್ ಮಾತ್ರ ನಿಲ್ಲುತ್ತದೆ. ನಾವು ಬೈಕುಲ್ಲಾವರೆಗೆ ಫಾಸ್ಟ್‌ನಲ್ಲಿ ಹೋಗಿ ಅಲ್ಲಿ ಬದಲಿಸಿದೆವು. ಬೆಳಿಗ್ಗೆ ಹತ್ತು ಕಳೆದ ಮೇಲೆ ಹೊರಟರೆ ಉಸಿರಾಡಲು ಜಾಗ ಸಿಗುತ್ತದೆ.

ಸ್ಟೇಷನ್ನಿನಿಂದ ಹೊರಗೆ ಬಂದರೆ ಹಾದಿ ಅನ್ನುವುದೇ ಇಲ್ಲ. ಕೈಗಾಡಿ, ಗೋಣಿಚೀಲ, ನೀಲಿ ತಾಡಪತ್ರಿ, ಒಣಹಣ್ಣಿನ ಅಂಗಡಿಗಳ ಸಾಲು. ಪಾದ ಮುಳುಗುವಷ್ಟು ನೀರು. ಚರ್ಮದ ಚಪ್ಪಲಿ ಹಾಕಿಕೊಂಡು ಬಂದದ್ದು ನನ್ನ ತಪ್ಪು. ಜುಲೈ ತಿಂಗಳಲ್ಲಿ ಮುಂಬೈಗೆ ಪ್ಲಾಸ್ಟಿಕ್ ಚಪ್ಪಲಿಯೇ ಸರಿ. ಒಂದು ಉಂಗುಷ್ಠ ಕಿತ್ತುಬಂತು. ತಮ್ಮ ಬಗ್ಗಿ ಸುತಳಿಯಿಂದ ಕಟ್ಟುತ್ತಿರುವಾಗ ಪಕ್ಕದಲ್ಲಿ ಕೈಗಾಡಿ ನಿಲ್ಲಿಸಿದ್ದ ಹಮಾಲರೊಬ್ಬರು ನಮ್ಮ ಮಾತು ಕೇಳಿಸಿಕೊಂಡು, "ಯಾ ಊರ್ರೀ ನಿಮ್ದು?" ಅಂದರು. ಅವರು ಜೇವರ್ಗಿ ಕಡೆಯವರು. ಇಪ್ಪತ್ತು ವರ್ಷದಿಂದ ಇದೇ ಗಲ್ಲಿಯಲ್ಲಿ ಮೂಟೆ ಹೊರುತ್ತಿದ್ದಾರೆ.

ಯಹೂದ್ಯರ ಪ್ರಾರ್ಥನಾ ಮಂದಿರ ಎಲ್ಲಿ ಅಂತ ಕೇಳಿದೆ.

"ಜೂನಿ ಮಸೀದಿ ಅಂತಾರಲ್ರೀ, ಅದಾ? ಮಸೀದಿ ಅಲ್ರೀ ಅದು. ಆದ್ರ ಎಲ್ಲಾರೂ ಹಂಗೇ ಅಂತಾರ. ಇಲ್ಲೇ ಮುಂದ ಅದ, ಬರ್ರಿ." ಗಾಡಿ ಬಿಟ್ಟು ತಿರುವಿನ ತನಕ ಬಂದು ತೋರಿಸಿದರು. ಸ್ಟೇಷನ್ನಿಗೆ ಮಸ್ಜಿದ್ ಅನ್ನೋ ಹೆಸರು ಬಂದದ್ದೇ ಈ ಮಂದಿರದಿಂದ ಅಂತ ಇಲ್ಲಿಯ ಹಳಬರು ಹೇಳುತ್ತಾರೆ. ಅದರ ನಿಜವಾದ ಹೆಸರು ಶಾರ್ ಹರಹಮೀಮ್. ಕರುಣೆಯ ಬಾಗಿಲು ಅಂತ ಅರ್ಥ.

ನಮಗೂ ಈ ಬಾಗಿಲಿಗೂ ನಂಟಿದೆ. ಇದನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಕೊಂಕಣದ ಬೆನೆ ಇಸ್ರಾಯೇಲ್ ಯಹೂದಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವನು. ಎರಡನೆಯ ಮೈಸೂರು ಯುದ್ಧದಲ್ಲಿ ಸೆರೆ ಸಿಕ್ಕಿ ಮೈಸೂರು ಸೀಮೆಯಲ್ಲಿ ಕೈದಿಯಾದ. ಅವನ ಜನ ಹೇಳುವ ಕಥೆ ಹೀಗೆ: ಕೈದಿಗಳನ್ನು ಟಿಪ್ಪುವಿನ ಮುಂದೆ ನಿಲ್ಲಿಸಿದಾಗ ನೀವು ಯಾವ ಜನ ಅಂತ ವಿಚಾರಣೆ ಆಯಿತು. ಬೆನೆ ಇಸ್ರಾಯೇಲ್ ಅಂದರು. ಆ ಹೆಸರು ಕೇಳಿ ಟಿಪ್ಪುವಿನ ತಾಯಿ, ಇವರ ಜನರ ವಿಷಯ ಕುರಾನಿನಲ್ಲೇ ಬಂದಿದೆ, ಪ್ರಾಣ ತೆಗೆಯಬೇಡ ಅಂದಳು. ಜೀವಂತ ಊರಿಗೆ ಮುಟ್ಟಿದರೆ ದೇವರಿಗೆ ಒಂದು ಮನೆ ಕಟ್ಟುತ್ತೇನೆ ಅಂತ ದಿವೇಕರ್ ಹರಕೆ ಹೊತ್ತಿದ್ದ. ಮುಟ್ಟಿದ. 1796ರಲ್ಲಿ ಕಟ್ಟಿದ. ಮುಂಬೈಯ ಮೊದಲ ಸಿನಗಾಗ್ ಅದು. ಈಗಿನ ಕಟ್ಟಡಕ್ಕೆ ಬಂದದ್ದು 1860ರಲ್ಲಿ. ಈ ಬೀದಿಗೆ ಸ್ಯಾಮ್ಯುಯೆಲ್ ಸ್ಟ್ರೀಟ್ ಅಂತಲೇ ಹೆಸರು.

ಬಾಗಿಲ ಮುಂದೆ ಬಂದ ಮೇಲೆ ಹೊಳೆಯಿತು, ಅಂದು ಶನಿವಾರ. ಸಬ್ಬತ್ ದಿನ, ಯಹೂದ್ಯರು ಕೆಲಸ ಬಿಟ್ಟು ಪ್ರಾರ್ಥನೆ ಮಾಡುವ ದಿನ. ಚಿಕ್ಕಂದಿನಿಂದ ಸಂಡೇಸ್ಕೂಲಿನಲ್ಲಿ ಓದಿದ ನನಗೆ ಇಷ್ಟು ನೆನಪಾಗಬಾರದಾ? ಒಳಗೆ ಪ್ರಾರ್ಥನೆ ನಡೆದಿತ್ತು. ಬಾಗಿಲಲ್ಲಿದ್ದವರು ಸಮಾಧಾನದಿಂದಲೇ ಹೇಳಿದರು: ಬೇರೆ ದಿನ ಬನ್ನಿ, ಗುರುತಿನ ಚೀಟಿ ತನ್ನಿ, ಮೊದಲೇ ಕೇಳಿಕೊಂಡು ಬಂದರೆ ಒಳ್ಳೆಯದು. ಕೈಯಲ್ಲಿದ್ದ ಫೋನನ್ನು ಚೀಲಕ್ಕೆ ಹಾಕಿ ಎದುರಿನ ಅಂಗಡಿಯ ಮಾಡಿನ ಕೆಳಗೆ ನಿಂತೆ. ಮಳೆ ಜಾಸ್ತಿಯಾಯಿತು. ಛತ್ರಿ ಗಾಳಿಗೆ ತಲೆಕೆಳಗಾಗಿ ಎರಡು ಕಡ್ಡಿ ಮುರಿಯಿತು.

ಒಳಗೆ ಹೋಗಿದ್ದರೆ ಆ ಅಜ್ಜಿ ಸಿಗುತ್ತಿರಲಿಲ್ಲ. ಪ್ರಾರ್ಥನೆ ಮುಗಿಸಿ ಬಂದವರು ಅದೇ ಮಾಡಿನ ಕೆಳಗೆ ನಿಂತರು. ಎಂಬತ್ತರ ಹತ್ತಿರ ಇರಬಹುದು. ನವಿಲು ಬಣ್ಣದ ಸೀರೆ, ತಲೆ ಮೇಲೆ ಸೆರಗು. ಮರಾಠಿಯಲ್ಲಿ ಮಾತಿಗೆಳೆದರು. ನನ್ನದು ಕಲಬುರಗಿಯ ಹರಕು ಮರಾಠಿ, ನಡುನಡುವೆ ಹಿಂದಿ. ಮೈಸೂರಿನ ಸೆರೆಯ ಕಥೆ ಕೇಳಿ ಬಂದೆವು ಅಂದಾಗ ಮುಖ ಅರಳಿತು. "ನೀವು ಕರ್ನಾಟಕದವರಾ?" ಅಂತ ಎರಡು ಸಲ ಕೇಳಿದರು.

ಅವರ ಹಿರಿಯರ ಹಡಗು ಅಲಿಬಾಗ್ ಹತ್ತಿರದ ನವಗಾಂವ್ ಕಡಲಲ್ಲಿ ಒಡೆದು, ಏಳು ಗಂಡಸರು, ಏಳು ಹೆಂಗಸರು ಮಾತ್ರ ದಡ ಸೇರಿದರಂತೆ. ಪುಸ್ತಕ ಎಲ್ಲ ನೀರುಪಾಲು. ಕೊಂಕಣದಲ್ಲಿ ಎಣ್ಣೆ ಗಾಣ ಆಡಿಸಿ ಬದುಕಿದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೇ ಊರವರು ಅವರನ್ನು ಶನಿವಾರ ತೇಲಿ ಅಂತ ಕರೆದರು. ಎಲ್ಲ ಮರೆತರೂ ಆ ಒಂದು ದಿನ ಮರೆಯಲಿಲ್ಲ.

ಪಸ್ಕ ಹಬ್ಬದ ವಿಷಯ ನಾನೇ ಕೇಳಿದೆ. ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾದ ಕಥೆ ಅಂದು ಮನೆಮನೆಯಲ್ಲಿ ಹೇಳುತ್ತಾರಲ್ಲ, ಅಷ್ಟು ಹಳೆಯ ಕಥೆ ಪ್ರತಿ ವರ್ಷ ಹೇಳಿದರೆ ಸಾಕಾಗುವುದಿಲ್ಲವಾ ಅಂತ.

ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಹಳೆಯದು ಯಾಕಾಯಿತು ಬೇಟಾ? ನಮ್ಮ ಅಜ್ಜ ಮುತ್ತಜ್ಜರನ್ನು ಬಿಡಿಸಿದ ಅಂತ ನಾವು ಹೇಳುವುದಿಲ್ಲ. ನಮ್ಮನ್ನು ಬಿಡಿಸಿದ ಅಂತ ಹೇಳುತ್ತೇವೆ. ಮೇಜಿನ ಸುತ್ತ ಕೂತ ಪ್ರತಿಯೊಬ್ಬರೂ ತಾವೇ ಹೊರಟು ಬಂದವರು ಅಂತ ತಿಳಿಯಬೇಕು. ನಾನೂ, ಮೊಮ್ಮಗಳೂ."

ಆಮೇಲೆ ಊಟದ ಮಾತು ಬಂತು. ಮನೆಯಲ್ಲಿ ಮಾಲ್ದಿ ಇದೆ ಅಂದೆ. ಅವರು ಬೆರಗಾದರು. ಅವರಲ್ಲೂ ಮಲಿದಾ ಇದೆ. ಕಷ್ಟ ಕಳೆದಾಗ, ಮದುವೆ ಕೂಡಿಬಂದಾಗ ಪ್ರವಾದಿ ಎಲೀಯನ ಹೆಸರು ನೆನೆದು ದೇವರಿಗೆ ಸ್ತೋತ್ರ ಮಾಡಿ ಹಂಚುತ್ತಾರೆ. ನಮ್ಮದು ಗೋದಿ ಬೆಲ್ಲದ್ದು. ಅವರದು ಅವಲಕ್ಕಿ, ಕಾಯಿತುರಿ, ಸಕ್ಕರೆ, ಒಣಹಣ್ಣು. ಹೆಸರೊಂದೇ. ಮಳೆ ಸಣ್ಣಗಾದಾಗ ತಮ್ಮ ಅವರನ್ನು ತೋಳು ಹಿಡಿದು ನೀರು ದಾಟಿಸಿ ಬಂದ. ಮುರಿದ ಛತ್ರಿಯನ್ನು ಅವರ ತಲೆಯ ಮೇಲೆ ಹಿಡಿದುಕೊಂಡು ಹೋಗುವಾಗ ಅವನ ಬೆನ್ನು ಪೂರ್ತಿ ತೋಯ್ದಿತ್ತು.

ಸಂಜೆ ಮರೀನ್ ಡ್ರೈವ್. ಉಬ್ಬರದ ಹೊತ್ತು. ತಡೆಗೋಡೆಗೆ ಅಪ್ಪಳಿಸಿದ ಅಲೆ ತಲೆಯೆತ್ತರ ಎದ್ದು ಫುಟ್‌ಪಾತಿನ ಮೇಲೆ ಬೀಳುತ್ತಿತ್ತು. ಗೋಡೆಯ ಮೇಲೆ ಹತ್ತಬೇಡಿ ಅಂತ ಪೊಲೀಸರು ಸೀಟಿ ಹೊಡೆಯುತ್ತಿದ್ದರು. ಅದು ಕೇಳಬೇಕಾದ ಮಾತು, ಪ್ರತಿ ಮಳೆಗಾಲ ಇಲ್ಲಿ ಜೀವ ಹೋಗುತ್ತದೆ. ನಾವು ರಸ್ತೆ ಆಚೆಯೇ ನಿಂತೆವು. ಕಲಬುರಗಿಯವಳಾದ ನನಗೆ ಸಮುದ್ರ ಕಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಯೆಶಾಯನ ಪುಸ್ತಕದ 40ನೆಯ ಅಧ್ಯಾಯದಲ್ಲಿ ಒಂದು ಚಿತ್ರ ಬರುತ್ತದೆ. ಸಮುದ್ರದ ನೀರನ್ನು ಬೊಗಸೆಯಲ್ಲಿ ಅಳೆದವನು ದೇವರು. ದೇಶದೇಶಗಳೆಲ್ಲ ಅವನಿಗೆ ಕೊಡದಿಂದ ಉದುರುವ ಒಂದು ಹನಿ. ಚಿಕ್ಕವಳಿದ್ದಾಗ ಅದನ್ನು ಬಾಯಿಪಾಠ ಮಾಡಿದ್ದೆ. ಆ ಮಾತು ಯಾರಿಗೆ ಹೇಳಿದ್ದು ಅನ್ನುವುದರ ಕಡೆ ಗಮನ ಹೋಗಿದ್ದು ಬಹಳ ತಡವಾಗಿ. ಗೆದ್ದವರಿಗಲ್ಲ, ಬಾಬಿಲೋನಿನಲ್ಲಿ ಸೆರೆಯಾಳಾಗಿದ್ದವರಿಗೆ. ಕ್ರಿ.ಪೂ. 586ರಲ್ಲಿ ಯೆರೂಸಲೇಮ್ ಸುಟ್ಟುಹೋಗಿತ್ತು. ದೇವಾಲಯ ಬೂದಿ. ನಮ್ಮ ದಾರಿ ದೇವರ ಕಣ್ಣಿಗೆ ಮರೆಯಾಗಿದೆ ಅಂತ ಅವರೇ ದೂರುತ್ತಿದ್ದರು, ಆ ದೂರು ಅದೇ ಅಧ್ಯಾಯದಲ್ಲಿದೆ. ಪಾರಸಿಯ ಅರಸ ಕೋರೆಷ ಅವರನ್ನು ಊರಿಗೆ ಬಿಟ್ಟುಕೊಟ್ಟಿದ್ದು ಕ್ರಿ.ಪೂ. 538ರ ಹೊತ್ತಿಗೆ. ನಡುವೆ ಸುಮಾರು ಐವತ್ತು ವರ್ಷ. ಎಷ್ಟು ಅವ್ವಂದಿರು ಕಾದು ಕಾದು ಹೋಗಿರಬೇಕು.

ಆ ಅಲೆಗಳ ಮುಂದೆ ನಿಂತು ನನ್ನ ದೂರು ನನಗೇ ಕೇಳಿಸಿತು. ನನಗೆ ಸಾಕಾಗಿದ್ದಕ್ಕೆ ದೇವರಿಗೂ ಸಾಕಾಗಿರಬೇಕು ಅಂತ ಅಂದುಕೊಂಡಿದ್ದೆ. ನನ್ನ ಕೈಯಲ್ಲಿ ಆಗದ್ದು ಅವನ ಕೈಯಲ್ಲೂ ಆಗದು ಅಂತ. ಸಮುದ್ರವನ್ನು ಬೊಗಸೆಯಲ್ಲಿ ಹಿಡಿಯುವ ಕೈಯನ್ನು ನನ್ನ ಕೈಯ ಅಳತೆಯಿಂದ ಅಳೆದಿದ್ದೆ.

"ಏನ್ ವಿಚಾರ ಮಾಡ್ಲಾಕತ್ತೀದಿ?" ಅಂದ ತಮ್ಮ. ಹುರಿದ ಮೆಕ್ಕೆಜೋಳ ತಂದಿದ್ದ. ನಿಂಬೆ, ಖಾರ ಸವರಿದ್ದು. ಇಬ್ಬರೂ ನಿಂತು ತಿಂದೆವು.

ಮೂರನೆಯ ದಿನ, ಭಾನುವಾರ

ಭಾನುವಾರ ಲೋಕಲ್ ದಾರಿಯಲ್ಲಿ ಹಳಿ ರಿಪೇರಿಗೆ ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಇರುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಬೇಕು. ನಾವು ನೋಡಿರಲಿಲ್ಲ. ಮುಕ್ಕಾಲು ಗಂಟೆ ತಡವಾಗಿ ಮುಟ್ಟಿದೆವು. ಆರಾಧನೆ ಶುರುವಾಗಿತ್ತು.

ಕನ್ನಡ ಸಭೆಗೆ ಸ್ವಂತ ಕಟ್ಟಡವಿಲ್ಲ. ಬೇರೆ ಭಾಷೆಯವರ ಚರ್ಚಿನಲ್ಲಿ ಅವರ ಆರಾಧನೆ ಮುಗಿದ ಮೇಲೆ ಇವರದು. ಬೀದರಿನವರು, ಕಲಬುರಗಿಯವರು, ಹುಬ್ಬಳ್ಳಿಯವರು, ಮಂಗಳೂರು ಕಡೆಯ ಎರಡು ಮನೆಯವರು. ಅರವತ್ತು ಜನ ಇರಬಹುದು. ಬಾಗಿಲ ಬಳಿ ಒದ್ದೆ ಛತ್ರಿಗಳ ರಾಶಿ. ಒಂದೊಂದು ಸೀಮೆಯ ಕನ್ನಡ ಒಂದೇ ರಾಗದಲ್ಲಿ ಸೇರುವುದನ್ನು ಕೇಳಬೇಕು, ಊರಿನಲ್ಲಿ ಅದು ಸಿಗುವುದಿಲ್ಲ.

ತಮ್ಮನನ್ನು ಕರೆದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಂದು ನಿಮಿಷ ಸುಮ್ನೆ ನಿಂತ. ನನಗೆ ಕೂತಲ್ಲೇ ಬೆವರು.

"ನನ್ನ ಬೆಲಿ ಎಷ್ಟು ಅಂತ ನನಗ ಗೊತ್ತದ" ಅಂದ. "ಮೂರೂವರೆ ತೊಲಿ. ನಮ್ಮವ್ವ ಕೊರಳಾಗಿಂದು ತಗದು ಕೊಟ್ಟಾಳ. ನಮ್ಮಕ್ಕ ಇಟ್ಟು ಬಿಡಿಸ್ಯಾಳ. ಎರಡ್ ತಿಂಗಳಿಗೆ ಮತ್ತ ಕುಡದೆ. ಅವ್ವ ಸತ್ತಾಗ ಮಣ್ಣಿಗೆ ಹೋಗ್ಲಾಕ ಗಾಡಿ ಹತ್ತಿದೆ. ಸೊಲ್ಲಾಪುರದಾಗ ಇಳದು ಕುಡದು ಅಲ್ಲೇ ಪ್ಲಾಟ್‌ಫಾರ್ಮಿನ ಮ್ಯಾಲ ಬಿದ್ದೆ. ಎಚ್ಚರಾಗೋದ್ರಾಗ ಅವ್ವನ ಮಣ್ಣು ಮುಗದಿತ್ತು. ಊರಿಗೆ ಹೋಗ್ಲಿಲ್ಲ. ವಾಪಸ್ ಬಂದೆ."

ನನಗೆ ಇದು ಗೊತ್ತಿರಲಿಲ್ಲ. ಅವನು ಹೊರಡಲೇ ಇಲ್ಲ ಅಂತ ನಾನು ಎರಡು ವರ್ಷ ಸಿಟ್ಟು ಹಿಡಿದು ಕೂತಿದ್ದೆ. ಅರ್ಧ ದಾರಿ ಬಂದಿದ್ದ.

ಆಮೇಲಿನದನ್ನು ಸಣ್ಣ ದನಿಯಲ್ಲಿ ಹೇಳಿದ. ಈ ಸಭೆಯ ಹಿರಿಯರೊಬ್ಬರು, ರಿಕ್ಷಾ ಓಡಿಸುವವರು, ಒಂದು ರಾತ್ರಿ ಅವನನ್ನು ಎತ್ತಿ ಕೋಣೆಗೆ ಮುಟ್ಟಿಸಿದರು. ಮರುದಿನ ಗಂಜಿ ತಂದರು. ಅದರ ಮರುದಿನವೂ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಒಂದು ದಿನ ಅವನೇ, ನನ್ನನ್ನು ಎಲ್ಲಾದರೂ ಸೇರಿಸಿ ಅಂದ. ವ್ಯಸನ ಬಿಡಿಸುವ ಕೇಂದ್ರದಲ್ಲಿ ನಾಲ್ಕು ತಿಂಗಳು ಇದ್ದ. ಡಾಕ್ಟರ ಔಷಧಿ ಇತ್ತು, ಜೊತೆಗೆ ಕೂತವರಿದ್ದರು. ಇದನ್ನು ಒತ್ತಿ ಹೇಳಿದ. ಪ್ರಾರ್ಥನೆ ಮಾಡಿದರೆ ಸಾಕು, ಡಾಕ್ಟರು ಬೇಡ ಅಂತ ಯಾರೂ ತಿಳಿಯಬಾರದು ಅಂತ ಅವನಿಗೆ ಇತ್ತು. ಆ ಡಾಕ್ಟರನ್ನೂ ರಿಕ್ಷಾದವರನ್ನೂ ಕಳಿಸಿದವನು ಯಾರು ಅನ್ನುವುದರಲ್ಲಿ ಅವನಿಗೆ ಅನುಮಾನ ಇಲ್ಲ.

"ಅವ್ವ ಕೊಟ್ಟ ಬೆಲಿ ವ್ಯರ್ಥ ಆಯ್ತು ಅಂತ ತಿಳದಿದ್ದೆ. ಆಗಿಲ್ಲ. ದೇವರು ಮರೀಲಿಲ್ಲ. ಇವತ್ತಿಗೆ ಕುಡದಿಲ್ಲ. ನಾಳಿದು ಆತನ ಕೈಯಾಗದ."

ಅಷ್ಟೇ. ಬಂದು ನನ್ನ ಪಕ್ಕ ಕೂತ. ಹಿಂದಿನ ಸಾಲಿನ ಹೆಂಗಸೊಬ್ಬರು ನನಗೆ ಕರವಸ್ತ್ರ ಕೊಟ್ಟರು. ಸಭಾಪಾಲಕರು ಏನು ಪ್ರಸಂಗ ಮಾಡಿದರು ಅಂತ ನನಗೆ ನೆನಪಿಲ್ಲ. ಎರಡು ವರ್ಷದ ಮೇಲೆ ತಮ್ಮನ ಹೆಸರು ಹೇಳಿ ಪ್ರಾರ್ಥನೆ ಮಾಡಿದೆ. ಬಹಳ ಮಾತು ಬರಲಿಲ್ಲ. ಹೆಸರು ಹೇಳಿದೆ.

ಅನ್ನ, ಕೋಳಿ ಸಾರು, ಈರುಳ್ಳಿ ಇದ್ದ ಊಟ. ರಿಕ್ಷಾದ ಹಿರಿಯರಿಗೆ ಮಾಲ್ದಿ ಡಬ್ಬಿ ಕೊಟ್ಟೆ. ಅವರು ಔರಾದ್ ಕಡೆಯವರು. ತೆಗೆದು ಅಲ್ಲೇ ಎಲ್ಲರಿಗೂ ಒಂದೊಂದು ಹಿಡಿ ಹಂಚಿಬಿಟ್ಟರು.

ನಾಲ್ಕನೆಯ ದಿನ, ಸೋಮವಾರ

ಪುಣೆಗೆ ಬಂದೆವು. ಮಳೆಗೆ ಗಾಡಿ ಘಾಟಿನಲ್ಲಿ ಎರಡು ಸಲ ನಿಂತಿತು. ಹಡಪ್ಸರದಲ್ಲಿ ಅತ್ತೆಯ ಮಗಳ ಮನೆ. ಅವಳು ಮಾಡಿದ ಪಿಠಲೆ, ಭಾಕರಿ ತಿಂದು ಬೇಗ ಮಲಗಿದೆವು. ಮರುದಿನದ್ದು ನನಗೆ ದೊಡ್ಡ ದಿನ.

ಒಂದು ಮಾತು ಇಲ್ಲಿ ಹೇಳಬೇಕು. ಕೇಡಗಾಂವ್ ಎರಡಿವೆ. ತಮ್ಮನ ಫೋನು ಅಹ್ಮದ್‌ನಗರದ (ಈಗಿನ ಹೆಸರು ಅಹಿಲ್ಯಾನಗರ) ಹತ್ತಿರದ ಕೇಡಗಾಂವ್ ತೋರಿಸಿತ್ತು. ಅತ್ತೆಯ ಮಗಳು ನೋಡದೇ ಹೋಗಿದ್ದರೆ ಬೇರೆ ಜಿಲ್ಲೆಗೇ ಹೋಗಿ ಇಳಿಯುತ್ತಿದ್ದೆವು. ನಮಗೆ ಬೇಕಾದದ್ದು ದೌಂಡ್ ತಾಲ್ಲೂಕಿನದು, ಪುಣೆ–ಸೊಲ್ಲಾಪುರ ರೈಲು ದಾರಿಯಲ್ಲೇ ಇದೆ.

ಐದನೆಯ ದಿನ, ಮಂಗಳವಾರ

ದೌಂಡ್ ಕಡೆಯ ಪ್ಯಾಸೆಂಜರ್ ಗಾಡಿ. ಲೋಣಿ, ಉರುಳಿ, ಯವತ್. ಪುಣೆ ಹಿಂದೆ ಬಿದ್ದ ಹಾಗೆ ಮಳೆಯೂ ಹಿಂದೆ ಬಿತ್ತು. ಕಬ್ಬಿನ ಹೊಲ, ನಡುವೆ ಬಾಜ್ರಾ. ಎದುರು ಕೂತ ರೈತ ಹೆಂಗಸು ಬುಟ್ಟಿಯಿಂದ ಎರಡು ಅಂಜೂರ ತೆಗೆದು ನನ್ನ ಕೈಗಿಟ್ಟಳು. ದುಡ್ಡು ಕೊಡಲು ಹೋದರೆ ಕೈ ಮುಚ್ಚಿದಳು.

ಕೇಡಗಾಂವ್ ಸ್ಟೇಷನ್ನಿಂದ ಮುಕ್ತಿ ಮಿಷನ್‌ಗೆ ರಿಕ್ಷಾ ಸಿಗುತ್ತದೆ. ಇಲ್ಲಿ ಹೆಂಗಸರು, ಮಕ್ಕಳು ವಾಸ ಮಾಡುತ್ತಾರೆ. ಅದು ನೋಡಲು ಬರುವ ಜಾಗ ಅಲ್ಲ, ಮನೆ. ಮೊದಲೇ ಫೋನ್ ಮಾಡಿ ಒಪ್ಪಿಗೆ ಕೇಳಿಯೇ ಹೋಗಬೇಕು. ಮಕ್ಕಳ ಫೋಟೋ ತೆಗೆಯಬಾರದು. ನಾವು ಕೇಳಿದ್ದೆವು. ಒಬ್ಬ ಹಿರಿಯ ಅಕ್ಕ ಜೊತೆಗೆ ಬಂದರು.

ಇದನ್ನು ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ ಹುಟ್ಟುವ ಜಾಗ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡ ಅನಂತಶಾಸ್ತ್ರಿ ಡೋಂಗರೆ ಅಲ್ಲಿ ಮನೆ ಮಾಡಿದ್ದರು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಹಸಿದ ಹೊಟ್ಟೆಯಲ್ಲಿ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅವಳ ವಿದ್ಯೆ ನೋಡಿ ಅಲ್ಲಿನ ಪಂಡಿತರು ಪಂಡಿತಾ, ಸರಸ್ವತಿ ಅಂತ ಕರೆದರು. ಎರಡೇ ವರ್ಷಕ್ಕೆ ಅಣ್ಣನೂ ತೀರಿಕೊಂಡ. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡನೂ. ಕೈಯಲ್ಲಿ ಮನೋರಮಾ ಅನ್ನೋ ಕೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಳು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದಳು. ಆಮೇಲೆ ಅದು ಪುಣೆಗೆ ಬಂತು.

1896–97ರ ಬರ ಬಂದಾಗ ಹಸಿವಿನ ರುಚಿ ಗೊತ್ತಿದ್ದ ಇವಳು ಮಧ್ಯ ಪ್ರಾಂತ್ಯಕ್ಕೆ ತಾನೇ ಹೋದಳು. ಮುನ್ನೂರರಷ್ಟು ಹುಡುಗಿಯರನ್ನು ಕರೆದುಕೊಂಡು ಬಂದಳು. ಪುಣೆಯಲ್ಲಿ ಪ್ಲೇಗು. ಹೊಲ ಇದ್ದದ್ದು ಕೇಡಗಾಂವ್‌ನಲ್ಲಿ, ಇಲ್ಲೇ ಗುಡಿಸಲು ಎದ್ದವು. ಅದಕ್ಕೆ ಮುಕ್ತಿ ಅಂತ ಹೆಸರಿಟ್ಟಳು.

ಬೇವಿನ ಮರದ ನೆರಳಲ್ಲಿ ನಡೆಯುತ್ತ ಅಕ್ಕ ಒಂದೊಂದೇ ಹೇಳಿದರು. ದಾರಿ ತಪ್ಪಿದವರು ಅಂತ ಜನ ದೂಡಿದ ಹೆಂಗಸರಿಗೆ ಕೃಪಾ ಸದನ. ಮುದುಕಿಯರಿಗೆ ಪ್ರೀತಿ ಸದನ. ಕುರುಡರಿಗೆ, ಯೇಸು ಕಣ್ಣು ಕೊಟ್ಟ ಕುರುಡ ಬಾರ್ತಿಮಾಯನ ಹೆಸರಿನ ಸದನ, ಮನೋರಮಾ ಬ್ರೈಲ್ ಕಲಿತು ಬಂದು ಅವರಿಗೆ ಓದಲು ಕಲಿಸಿದಳು. ಎಲ್ಲರಿಗೂ ಒಂದು ಕೆಲಸ: ಮಗ್ಗ, ಗಾಣ, ಡೈರಿ, ಅಚ್ಚುಕೂಟ. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಓದುಬಾರದ ಹೆಂಗಸಿಗೂ ತಿಳಿಯುವ ಮರಾಠಿಗೆ ತಂದಳು. ಅದರ ಮೊಳೆ ಜೋಡಿಸಿದವರು ಬರದಲ್ಲಿ ಬದುಕುಳಿದ ಈ ಹುಡುಗಿಯರೇ. 1921ರಲ್ಲಿ ಮನೋರಮಾ ತೀರಿಕೊಂಡಳು. ಮರುವರ್ಷ ಏಪ್ರಿಲ್ 5ಕ್ಕೆ, ಕರಡು ತಿದ್ದುವ ಕೆಲಸ ಮುಗಿದ ಮೇಲೆ, ತಾಯಿ.

"ನಿಮ್ಮ ಗುಲ್ಬರ್ಗಾದಲ್ಲೂ ಶಾಲೆ ತೆಗೆದಿದ್ದರು, ಗೊತ್ತಾ?" ಅಂದರು ಅಕ್ಕ. ಗೊತ್ತಿತ್ತು. 1912ರಲ್ಲಿ ಶುರುವಾದ ಕ್ರಿಶ್ಚಿಯನ್ ಹೈಸ್ಕೂಲು. ಮನೋರಮಾ ಅದರ ಮುಖ್ಯಸ್ಥೆಯಾಗಿದ್ದಳು. ಬರದಲ್ಲಿ ಎಲ್ಲ ಕಳಕೊಂಡ ಒಬ್ಬ ಹುಡುಗಿಯನ್ನು ದೇವರು ಎತ್ತಿದ್ದು ಸುತ್ತಿ ಬಳಸಿ ನಮ್ಮೂರಿನ ಮಕ್ಕಳ ಪಾಟಿ ಬಳಪದವರೆಗೂ ಬಂತು.

ಚರ್ಚಿನ ಒಳಗೆ ತಂಪು. ದೊಡ್ಡದು, ಖಾಲಿ. ತಮ್ಮ ಕೊನೆಯ ಸಾಲಿನಲ್ಲಿ ಕೂತ. ನಾನು ಮುಂದೆ ಹೋಗಿ ಬಂದು ನೋಡಿದರೆ ಹಾಗೇ ಕೂತಿದ್ದಾನೆ.

"ಅಣ್ಣ ತಂಗಿ ಇಬ್ರೇ ಅಷ್ಟ್ ದೂರ ನಡದ್ರಾ ಅಕ್ಕಾ?" ಅಂದ.

"ಹೂಂ."

"ಒಬ್ರಿಗೊಬ್ರು ಬೈಕೊಂಡಿರ್ಬೇಕು ದಾರ್ಯಾಗ."

"ಬೈಕೊಂಡಿರ್ತಾರ. ಹಸದವ್ರು."

ಸೊಲ್ಲಾಪುರದ ವಿಷಯ ನಾನು ಕೇಳಲಿಲ್ಲ. ಅವನೂ ತೆಗೆಯಲಿಲ್ಲ. ಹೊರಗೆ ಶಾಲೆ ಬಿಟ್ಟು ನೀಲಿ ಲಂಗದ ಹುಡುಗಿಯರು ಸಾಲಾಗಿ ಊಟಕ್ಕೆ ಹೋಗುತ್ತಿದ್ದರು. ಕೊನೆಯ ಪುಟ್ಟಿಯ ತಟ್ಟೆ ಜಾರಿ ಬಿದ್ದು ಗಲಗಲ ಸದ್ದಾಯಿತು. ದೊಡ್ಡ ಹುಡುಗಿಯೊಬ್ಬಳು ಹಿಂದೆ ಬಂದು ಎತ್ತಿಕೊಟ್ಟು ಅವಳ ಕೈ ಹಿಡಿದುಕೊಂಡು ಹೋದಳು.

ಸಂಜೆ ಸ್ಟೇಷನ್ನಿನಲ್ಲಿ ನಮ್ಮ ದಾರಿ ಬೇರೆಯಾಗಬೇಕಿತ್ತು. ನಾನು ದೌಂಡ್‌ಗೆ ಹೋಗಿ ಕಲಬುರಗಿ ಗಾಡಿ ಹಿಡಿಯಬೇಕು. ಅವನಿಗೆ ಪುಣೆ ಕಡೆಯ ಗಾಡಿ, ಬುಧವಾರ ಬೆಳಿಗ್ಗೆ ಡ್ಯೂಟಿ. ನನ್ನ ಗಾಡಿ ಮೊದಲು ಬಂತು. ಹತ್ತುವಾಗ ಅವನು ಅಂಗಿ ಜೇಬಿನಿಂದ ಮಡಚಿದ ಲಕೋಟೆ ತೆಗೆದು ಕೊಟ್ಟ.

"ಈ ತಿಂಗಳ್ದು. ಸರಾಫನಿಗೆ ಕಟ್ಟು."

"ಇನ್ನ ಎಷ್ಟ್ ಉಳೀತು?"

"ಒಂಬತ್ ತಿಂಗಳ. ಮುಂದಿನ ಈಸ್ಟರಿಗೆ ನಾನೇ ಬರ್ತೀನಿ, ಬಿಡಿಸ್ಲಾಕ. ಇಬ್ರೂ ಕೂಡಿ ಹೋಗಮು."

"ಸೊಲ್ಲಾಪುರದಾಗ ಇಳೀಬ್ಯಾಡ" ಅಂದೆ.

ಅವನು ನನ್ನ ಮುಖ ನೋಡಿದ. "ಇಳಿಯಲ್ಲ ಅಕ್ಕಾ" ಅಂದ.

ಗಾಡಿ ಹೊರಟಿತು. ಸುತಳಿ ಕಟ್ಟಿದ ಚಪ್ಪಲಿ ಬಿಚ್ಚಿಟ್ಟು ಲಕೋಟೆಯನ್ನು ಸತ್ಯವೇದದ ಒಳಗೆ ಸೇರಿಸಿದೆ. ದೌಂಡ್ ಬರುವ ಹೊತ್ತಿಗೆ ಕತ್ತಲಾಗಿತ್ತು. ಅಲ್ಲಿಯೂ ಮಳೆ ಶುರುವಾಗಿತ್ತು, ನಮ್ಮ ಕಡೆಗೇ ಸಾಗುವ ಮೋಡ. ಅತ್ತೆಯ ಮಗಳು ಕಟ್ಟಿಕೊಟ್ಟ ಭಾಕರಿ ಬಿಚ್ಚಿ ಕಲಬುರಗಿ ಗಾಡಿಗೆ ಕಾಯುತ್ತ ಕೂತೆ.